ಹನ್ನೆರಡನೆಯ ದಿನದ ತನಕ ಕಾಯಬಹುದು, ತಂಗಿ

ಕೊಡಗಿನ ನಾಪೋಕ್ಲಿನಿಂದ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದು ಮೂರೇ ತಿಂಗಳು, ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಹೆರಿಗೆ ಅಂತ ಬರೆದಿದ್ದೀಯ. ‘ಆಸ್ಪತ್ರೆಯಲ್ಲೇ ಹೆಸರು ಬರೆಸಬೇಕಂತೆ, ನಮ್ಮಲ್ಲಿ ಹೆಸರಿಡುವುದು ಹನ್ನೆರಡನೆಯ ದಿನ ಅಲ್ವಾ ಅಕ್ಕಾ? ಕೊಡವ ಹೆಸರು ಇಲ್ಲಿ ಒಪ್ಪುತ್ತಾರಾ?’ ಅಂತ ಕೇಳಿದ್ದೀಯ. ನಾನು ಬಂದು ಹದಿನಾರು ವರ್ಷ ಆಯಿತು. ನನ್ನ ಇಬ್ಬರು ಹೆಣ್ಣುಮಕ್ಕಳೂ ಇಲ್ಲೇ ಹುಟ್ಟಿದ್ದು.

ಅವಸರ ಬೇಡ. ಮಗು ಹುಟ್ಟಿದ ಸುದ್ದಿ ಒಂದು ವಾರದೊಳಗೆ ಸ್ಟಾಂಡೆಸಾಮ್ಟ್‌ಗೆ, ಅಂದರೆ ಜನನ ಮರಣ ಬರೆದುಕೊಳ್ಳುವ ಕಚೇರಿಗೆ, ತಲುಪಬೇಕು. ಅದನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ. ಹೆಸರು ಕೊಡುವುದಕ್ಕೆ ಮಾತ್ರ ಹುಟ್ಟಿದ ದಿನದಿಂದ ಒಂದು ತಿಂಗಳು ಸಮಯ ಇದೆ. ಫಾರಂ ಹಿಡಿದು ಬಂದವರಿಗೆ ‘ಹೆಸರು ಆಮೇಲೆ ಕೊಡುತ್ತೇವೆ’ ಅನ್ನು. ಸರ್ಟಿಫಿಕೇಟ್ ಸ್ವಲ್ಪ ತಡವಾಗುತ್ತದೆ. ಆಗಲಿ ಬಿಡು.

ಇದು ಗೊತ್ತಿಲ್ಲದೆ ದೊಡ್ಡವಳ ಹೆಸರನ್ನು ಎರಡನೆಯ ದಿನವೇ ಬರೆಸಿಬಿಟ್ಟೆವು. ‘ಇಟ್ಟಾದ ಹೆಸರನ್ನ ನಾನು ಮತ್ತೆ ಏನು ಇಡಲಿ?’ ಅಂತ ಅತ್ತೆ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಚಿಕ್ಕವಳಿಗೆ ಕಾದೆವು. ಹಿತ್ತಲಿನ ಹರಳು ಗಿಡದ ಕಡ್ಡಿ ಬಗ್ಗಿಸಿ ನನ್ನ ಗಂಡ ಬಿಲ್ಲು ಕಟ್ಟಿದರು, ಎಲೆಯ ತೊಟ್ಟು ಬಾಣ. ಹಿಂದೆ ಗಂಡು ಮಗುವಿನ ಕೈಗೆ ಕೊಡುತ್ತಿದ್ದರು, ನಾವು ಮಗಳ ಕೈಗೆ ಕೊಟ್ಟೆವು. ಮಗು ಹುಟ್ಟಿದ್ದನ್ನು ಸಾರುವ ಕೋವಿಯನ್ನು ಇಲ್ಲಿ ಹಾರಿಸುವ ಹಾಗಿಲ್ಲ, ಭಾವ ಊರಿನ ಅಂಗಳದಲ್ಲಿ ಹಾರಿಸಿದರು. ಹನ್ನೆರಡನೆಯ ದಿನ ಫೋನನ್ನು ತೊಟ್ಟಿಲಿನೊಳಗೆ ಹಿಡಿದೆ. ಪೊನ್ನಂಪೇಟೆಯಲ್ಲಿ ಮಳೆ ಹೆಂಚಿನ ಮೇಲೆ ಸುರಿಯುವ ಸದ್ದು, ಅದರ ನಡುವೆ ಅತ್ತೆ ‘ಬೋಜಮ್ಮಾ’ ಅಂತ ತಮ್ಮ ಅಮ್ಮನ ಹೆಸರು ಹಿಡಿದು ಕರೆದರು. ಮಗು ಕೈಕಾಲು ಆಡಿಸುವುದನ್ನು ನಿಲ್ಲಿಸಿ ಕೇಳಿತು.

ಕೊಡವ ಹೆಸರಿಗೆ ಇಲ್ಲಿ ಅಡ್ಡಿಯಿಲ್ಲ. ಮಗುವಿಗೆ ಕೆಡುಕಾಗುವ ಹೆಸರು ಇಡಬಾರದು, ಅಷ್ಟೆ. ಮೊದಲು ಹೆಸರು ಕೇಳಿದ ಕೂಡಲೇ ಗಂಡೋ ಹೆಣ್ಣೋ ತಿಳಿಯಬೇಕು ಅನ್ನುತ್ತಿದ್ದರು. ಮಗಳಿಗೆ ಕಿರಣ್ ಅಂತ ಹೆಸರಿಟ್ಟ ಒಂದು ಕುಟುಂಬ ಅದಕ್ಕಾಗಿ ಇಲ್ಲಿನ ಸಂವಿಧಾನ ನ್ಯಾಯಾಲಯದ ತನಕ ಹೋಯಿತು. 2008ರಲ್ಲಿ ತೀರ್ಪು ಅವರ ಕಡೆಗೇ ಬಂತು. ಇನ್ನು ಉಚ್ಚಾರ. ‘ಜೆ’ ಅಕ್ಷರವನ್ನು ಇವರು ‘ಯ’ ಅಂತ ಓದುತ್ತಾರೆ, ಬೋಜಮ್ಮ ಬೋಯಮ್ಮ ಆಗುತ್ತಾಳೆ. ಒಂದು ಸಲ ಹೇಳಿಕೊಟ್ಟರೆ ಸರಿಯಾಗಿಯೇ ಕರೆಯುತ್ತಾರೆ. ಅದಕ್ಕೋಸ್ಕರ ಹೆಸರು ಬದಲಿಸಬೇಡ.

ನಿನ್ನ ನಿಜವಾದ ಕೆಲಸ ಮನೆಹೆಸರಿನದ್ದು. ನಮ್ಮಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಅಪ್ಪನ ಹೆಸರು ನಡುವೆ, ಸ್ವಂತ ಹೆಸರು ಕೊನೆಗೆ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಜನರಲ್‌ಗಳಿಬ್ಬರೂ ಒಂದೇ ಒಕ್ಕದವರು, ಹೊರಗಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಇಲ್ಲಿ ಕಚೇರಿಯವರು ಅಪ್ಪ ಅಮ್ಮನ ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂ ನೋಡುತ್ತಾರೆ. ನನ್ನ ಗಂಡನ ಪಾಸ್‌ಪೋರ್ಟಿನಲ್ಲಿ ಅಲ್ಲಿ ಇದ್ದದ್ದು ಮಾವನವರ ಹೆಸರು. ಮನೆಹೆಸರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಇನಿಷಿಯಲ್ ಆಗಿ ಉಳಿದಿತ್ತು, ಅಷ್ಟೆ. ಹಾಗಾಗಿ ಮಗಳಿಗೂ ಅಜ್ಜನ ಹೆಸರೇ ಕುಟುಂಬದ ಹೆಸರಾಯಿತು. ಮೊದಲ ಮಗುವಿಗೆ ಬಂದದ್ದೇ ಒಡಹುಟ್ಟಿದವರಿಗೂ ಬರುತ್ತದೆ, ಚಿಕ್ಕವಳಿಗೂ ಅದೇ ಬಂತು. ಕಚೇರಿಯವರು ಏನೂ ತಪ್ಪು ಮಾಡಲಿಲ್ಲ. ಆದರೂ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಹೋದಾಗ, ದೀಪದ ಮುಂದೆ ಮಕ್ಕಳು ನಿಂತಾಗ, ಆ ಮನೆಯ ಹೆಸರು ಇವರ ಯಾವ ಕಾಗದದಲ್ಲೂ ಇಲ್ಲವಲ್ಲ ಅಂತ ನನಗೆ ಸಂಕಟವಾಗುತ್ತದೆ.

ಅದಕ್ಕೇ ಇವತ್ತೇ ಇಬ್ಬರ ಪಾಸ್‌ಪೋರ್ಟ್ ತೆಗೆದು ನೋಡು. ಮನೆಹೆಸರು ಸರ್‌ನೇಮ್ ಜಾಗದಲ್ಲಿ ಇಲ್ಲದಿದ್ದರೆ ಹೆರಿಗೆಗೆ ಮೊದಲೇ ಮ್ಯೂನಿಕ್‌ನ ನಮ್ಮ ಕಾನ್ಸುಲೇಟ್‌ನಲ್ಲಿ ವಿಚಾರಿಸು. ಮಗು ಹುಟ್ಟಿದ ಮೇಲೆ ಒಂದು ವರ್ಷದೊಳಗೆ ಅಲ್ಲೂ ಜನನ ನೋಂದಣಿ ಮಾಡಿಸಬೇಕು, ಮರೆಯಬೇಡ.

ಹರಳು ಗಿಡವನ್ನು ಇಲ್ಲಿ ಅಂದಕ್ಕೆ ಬೆಳೆಸುತ್ತಾರೆ, ನನ್ನ ಹಿತ್ತಲಲ್ಲಿ ಈ ವರ್ಷವೂ ಇದೆ. ಹಿಮ ಬಿದ್ದರೆ ಸಾಯುತ್ತದೆ, ಸೆಪ್ಟೆಂಬರ್‌ನಲ್ಲಿ ಚೆನ್ನಾಗಿಯೇ ಇರುತ್ತದೆ. ಬೀಜ ವಿಷ, ಹಾಗಾಗಿ ಬರೀ ಕಡ್ಡಿ ಮತ್ತು ಎಲೆ ಕೊಯ್ದು ತರುತ್ತೇನೆ. ಆಸ್ಪತ್ರೆಗೆ ಹೊರಡುವಾಗ ಒಂದು ಮೆಸೇಜ್ ಹಾಕು.