ಹಳೆಯ ವಿ-8 ಮಿಸ್ಸಿಂಗ್ ಹೊಡೆಯುತ್ತಿದೆಯೇ? ಮೊದಲು ಸಿಲಿಂಡರ್ ಹುಡುಕಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಪ್ರಶ್ನೆ: ನನ್ನದು 1969ರ ಶೆವರ್ಲೆ ಕಮಾರೊ. 350 (ಘನ ಇಂಚಿನ) ಎಂಜಿನ್, ಕ್ವಾಡ್ರಾಜೆಟ್ ಕಾರ್ಬೊರೇಟರ್, ಟರ್ಬೊ 350 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್‌ವರೆಗೂ ಅದುರುತ್ತದೆ. ಗಂಟೆಗೆ 45 ಮೈಲಿ ದಾಟಿದರೆ ಏನೂ ಗೊತ್ತಾಗುವುದಿಲ್ಲ. ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲ ಹೊಸದು ಹಾಕಿದ್ದಾಯಿತು. ಇನ್ನು ಕಾರ್ಬೊರೇಟರ್ ಬಿಚ್ಚಬೇಕು ಎನ್ನುತ್ತಾರೆ ಮೆಕ್ಯಾನಿಕ್. ಬಿಚ್ಚಿಸಲೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಈಗಲೇ ಬೇಡ. ಈ ಎಂಜಿನ್‌ಗಳಲ್ಲಿ ಕಾರ್ಬೊರೇಟರ್ ಮೇಲೆ ಹೊರಿಸುವ ತಪ್ಪುಗಳಲ್ಲಿ ಬಹಳಷ್ಟು ಇಗ್ನಿಷನ್‌ನದು, ಇಲ್ಲವೇ ಎಲ್ಲಿಂದಲೋ ನುಗ್ಗುವ ಗಾಳಿಯದು. ನೀವು ಬರೆದ ಲಕ್ಷಣವೇ ಅರ್ಧ ದಾರಿ ತೋರಿಸುತ್ತದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿಕೊಂಡಿರುತ್ತದೆ, ಮ್ಯಾನಿಫೋಲ್ಡ್ ಒಳಗೆ ಎಳೆತ ಜೋರಾಗಿರುತ್ತದೆ, ಎಂಜಿನ್ ಕುಡಿಯುವ ಗಾಳಿಯೇ ಸ್ವಲ್ಪ. ಆಗ ಒಂದು ಸಣ್ಣ ಸಂದಿಯಿಂದ ಬಂದ ಗಾಳಿಯೂ ಮಿಶ್ರಣವನ್ನು ಕೆಡಿಸುತ್ತದೆ. ಥ್ರಾಟಲ್ ತೆರೆದ ಮೇಲೆ ಅಷ್ಟೇ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ಸಿಲಿಂಡರ್ ಸೊರಗಿದ್ದರೂ ವೇಗದಲ್ಲಿ ಉಳಿದ ಏಳು ಅದನ್ನು ಮುಚ್ಚಿಹಾಕುತ್ತವೆ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಇಷ್ಟೇ: ತೊಂದರೆ ಒಂದು ಸಿಲಿಂಡರ್‌ನದೋ, ಎಂಟರದ್ದೋ?

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಐಡ್ಲಿಂಗ್‌ನಲ್ಲಿಟ್ಟು, ಇನ್ಸುಲೇಟೆಡ್ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು, ಕಿತ್ತ ವೈರನ್ನು ಎಂಜಿನ್ ಬಾಡಿಗೆ ತಾಗಿಸಿ ಹಿಡಿಯಿರಿ. ಗಾಳಿಯಲ್ಲಿ ತೂಗಬಿಟ್ಟರೆ ಕಾಯಿಲ್‌ಗೆ ಪೆಟ್ಟು. ದುಡಿಯುತ್ತಿರುವ ಸಿಲಿಂಡರ್ ವೈರು ಕಿತ್ತಾಗ ಆರ್‌ಪಿಎಂ ತಟ್ಟನೆ ಇಳಿಯುತ್ತದೆ. ಇಳಿಯದಿದ್ದರೆ ಸೋಮಾರಿ ಅದೇ. ಡ್ರೈವರ್ ಕಡೆ ಮುಂದಿನಿಂದ 1, 3, 5, 7. ಆ ಕಡೆ 2, 4, 6, 8. ಫೈರಿಂಗ್ ಆರ್ಡರ್ 1-8-4-3-6-5-7-2, ರೋಟರ್ ತಿರುಗುವುದು ಗಡಿಯಾರದ ದಿಕ್ಕಿಗೆ. ನೀವು ವೈರು, ಕ್ಯಾಪ್ ಬದಲಿಸಿದ್ದೀರಿ, ಆದ್ದರಿಂದ ಇದನ್ನು ಒಮ್ಮೆ ಬೆರಳಿಟ್ಟು ಎಣಿಸಿಯೇ ನೋಡಿ.

ಮುಂದೆ ವ್ಯಾಕ್ಯೂಮ್ ಗೇಜ್, ಅಂದರೆ ಮ್ಯಾನಿಫೋಲ್ಡ್ ಒಳಗಿನ ಎಳೆತವನ್ನು ಪಾದರಸದ ಇಂಚಿನಲ್ಲಿ ಅಳೆಯುವ ಮೀಟರ್. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ನೇರ ಸೇರುವ ಪೈಪಿಗೆ ಹಾಕಿ. ಸಮುದ್ರಮಟ್ಟದ ಊರಲ್ಲಿ, ಸ್ಟಾಕ್ ಕ್ಯಾಮ್ (ವಾಲ್ವ್ ತೆರೆಸುವ, ಕಾರ್ಖಾನೆಯಲ್ಲೇ ಹಾಕಿದ ದಂಡ) ಇದ್ದರೆ, ಮುಳ್ಳು 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲಬೇಕು. ನಿಂತಿದೆ, ಆದರೆ 12–14ರಲ್ಲಿ ಎಂದರೆ ಟೈಮಿಂಗ್ (ಕಿಡಿ ಹಾರುವ ಸಮಯ) ಹಿಂದೆ ಬಿದ್ದಿದೆ, ಅಥವಾ ಎಂಟಕ್ಕೂ ತಟ್ಟುವ ದೊಡ್ಡ ಸೋರಿಕೆ. ತಾಳ ಹಾಕಿದ ಹಾಗೆ ಒಂದೇ ಲಯದಲ್ಲಿ ಕೆಳಗೆ ಕುಕ್ಕುತ್ತಿದ್ದರೆ ಒಂದು ಸಿಲಿಂಡರ್‌ನ ವಾಲ್ವೋ, ಕಿಡಿಯೋ ಕೈಕೊಟ್ಟಿದೆ. ಮುಳ್ಳು ನಿಧಾನವಾಗಿ ಅತ್ತಿತ್ತ ತೂಗಾಡಿದರೆ ಮಾತ್ರ ಮಿಶ್ರಣದ ಮೇಲೆ ಅನುಮಾನಪಡಿ.

ನಿಮ್ಮ ಗೇರ್‌ಬಾಕ್ಸಿನ ಮಾಡ್ಯುಲೇಟರ್ ಪೈಪನ್ನು ತಪ್ಪದೆ ಬಿಚ್ಚಿ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಗೇರ್‌ಬಾಕ್ಸಿನ ಹಿಂಬದಿಗೆ ಒಂದು ಪುಟ್ಟ ತಗಡಿನ ಡಬ್ಬಿ ಕೂತಿರುತ್ತದೆ. ಅಲ್ಲಿಂದ ಸಣ್ಣ ಪೈಪು ಮ್ಯಾನಿಫೋಲ್ಡ್‌ಗೆ ಬರುತ್ತದೆ. ಡಬ್ಬಿಯ ತುದಿಯ ರಬ್ಬರ್ ತುಂಡನ್ನು ಕಿತ್ತು ಬೆರಳ ಮೇಲೆ ಕೊಡವಿ. ಒಣಗಿದ್ದರೆ ಸರಿ. ಕೆಂಪು ಎಣ್ಣೆಯ ಒಂದು ಹನಿ ಬಿದ್ದರೂ ಒಳಗಿನ ಡಯಾಫ್ರಮ್ ಹರಿದಿದೆ ಎಂದೇ ಅರ್ಥ. ಎಂಜಿನ್ ಗೇರ್ ಆಯಿಲ್ ಕುಡಿಯುತ್ತಿರುತ್ತದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತದೆ, ಗೇರ್‌ಬಾಕ್ಸಿನ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಇಳಿಯುತ್ತಿರುತ್ತದೆ, ಹೊರಗೆ ಮಾತ್ರ ಒಂದು ತೊಟ್ಟೂ ಸೋರಿರುವುದಿಲ್ಲ. ಬದಲಿಸುವುದಕ್ಕೆ ಒಂದೇ ಬೋಲ್ಟ್, ಒಂದು ಕ್ಲ್ಯಾಂಪ್.

ಅದು ಚೆನ್ನಾಗಿದ್ದರೆ ಬ್ರೇಕ್ ಬೂಸ್ಟರ್ ಪೈಪ್ ಮತ್ತು ಪಿಸಿವಿ ಪೈಪನ್ನು (ಎಂಜಿನ್ ಒಡಲಿನ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವುದು) ಒಂದಾದ ಮೇಲೊಂದು ಹಿಸುಕಿ ಮುಚ್ಚಿ. ಮುಚ್ಚಿದಾಗ ಐಡ್ಲಿಂಗ್ ಪೂರ್ತಿ ಸುಧಾರಿಸಿದರೆ ದಾರಿ ಸಿಕ್ಕಿತು. ಪಿಸಿವಿಯಿಂದ ಸ್ವಲ್ಪ ಗಾಳಿ ಬರುವುದು ಸಹಜ, ಅಷ್ಟರಿಂದಲೇ ಅದನ್ನು ದೂರಬೇಡಿ. ಕಾರ್ಬೊರೇಟರ್ ಬುಡ, ಮ್ಯಾನಿಫೋಲ್ಡ್ ಅಂಚಿಗೆ ಕ್ಲೀನರ್ ಸ್ಪ್ರೇ ಹೊಡೆದು ನೋಡುವವರಿದ್ದಾರೆ. ಕೆಂಪಗೆ ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಯ ಆಟ. ಸಾಬೂನು ನೀರಿನ ಸ್ಪ್ರೇ ಸಾಕು: ಸಂದಿ ಇದ್ದ ಕಡೆ ನೀರು ಒಳಗೆ ಹೀರಿಕೊಂಡು ಎಂಜಿನ್ ಸದ್ದು ಬದಲಾಗುತ್ತದೆ. ಆದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಳಮೈಯಲ್ಲಿ, ಲಿಫ್ಟರ್‌ಗಳಿರುವ (ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತಿಸುವ ತುಂಡುಗಳು) ಕಣಿವೆಯ ಕಡೆ ಸೋರುತ್ತಿದ್ದರೆ ಯಾವ ಸ್ಪ್ರೇಯೂ ಹಿಡಿಯುವುದಿಲ್ಲ. ಅದಕ್ಕೆ ಪಿಸಿವಿ ಪೈಪು ಕಿತ್ತು ಎರಡೂ ಬಾಯಿ ಮುಚ್ಚಿ, ಬ್ರೀದರ್ ಮುಚ್ಚಿ, ಎಣ್ಣೆ ಹಾಕುವ ಬಾಯಿಯ ಮೇಲೆ ಅಂಗೈ ಇಡಿ. ಗಾಳಿ ಕೈಯನ್ನು ಮೇಲಕ್ಕೆ ತಳ್ಳಬೇಕು. ಕೈಯನ್ನೇ ಒಳಗೆ ಎಳೆದರೆ ಮ್ಯಾನಿಫೋಲ್ಡ್ ಇಳಿಸಿ ಗ್ಯಾಸ್ಕೆಟ್ ಬದಲಿಸಲೇಬೇಕು.

ಇನ್ನು ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್. ಹೊಸ ಕ್ಯಾಪ್ ಹಾಕುವಾಗ ಒಳಗೆ ನೋಡಿದಿರೋ ಇಲ್ಲವೋ ಬರೆದಿಲ್ಲ. ಬ್ರೇಕರ್ ಪ್ಲೇಟ್‌ನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಒಂದು ಮೆತ್ತನೆಯ ಅರ್ತ್ ವೈರ್ ಇರುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಎಳೆತದಿಂದ ಕಿಡಿಯನ್ನು ಮುಂದಕ್ಕೆ ತರುವ ಡಬ್ಬಿ) ಎಳೆದಾಗಲೆಲ್ಲ ಅದು ಬಾಗಿ ನೆಟ್ಟಗಾಗುತ್ತದೆ, ವರ್ಷಗಳಾದ ಮೇಲೆ ಬಟ್ಟೆಯ ಹೊದಿಕೆಯೊಳಗೇ ತುಂಡಾಗುತ್ತದೆ. ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ, ಸುಮ್ಮನೆ ಜಗ್ಗಿ ನೋಡಿ. ಡ್ವೆಲ್ (ಪಾಯಿಂಟ್ ಮುಚ್ಚಿಕೊಂಡಿರುವ ಕೋನ) 30 ಡಿಗ್ರಿ ಇರಬೇಕು. ಮೀಟರ್ ಇಲ್ಲವೆಂದರೆ, ಎಂಜಿನ್ ಓಡುತ್ತಿರುವಾಗಲೇ ಕ್ಯಾಪ್‌ನ ಕಿಟಕಿ ಎತ್ತಿ, 1/8 ಇಂಚಿನ ಅಲೆನ್ ಕೀಲಿಯಿಂದ ಪಾಯಿಂಟ್ ಸ್ಕ್ರೂವನ್ನು ಗಡಿಯಾರದ ದಿಕ್ಕಿಗೆ ಮಿಸ್ಸಿಂಗ್ ಬರುವವರೆಗೆ ತಿರುಗಿಸಿ ಅರ್ಧ ಸುತ್ತು ಹಿಂದಕ್ಕೆ ತನ್ನಿ. ಡ್ವೆಲ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಟೈಮಿಂಗ್ ಲೈಟ್ ಹಿಡಿಯುವುದು ಇದಾದ ಮೇಲೆ. ಪ್ಲಗ್ ಗ್ಯಾಪ್ 0.035 ಇಂಚು.

ವೈರು ಕಿತ್ತಾಗ ಒಂದೇ ಸಿಲಿಂಡರ್ ಸಿಕ್ಕಿತು, ಅದಕ್ಕೆ ಕಿಡಿಯೂ ಚೆನ್ನಾಗಿದೆ ಎಂದರೆ ಕಂಪ್ರೆಷನ್ ನೋಡಿ. ಪ್ಲಗ್ ಎಲ್ಲ ತೆಗೆದು, ಕಾಯಿಲ್ ವೈರ್ ಕಿತ್ತು, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರ್‌ಗೂ ಐದು ಹೊಡೆತ. ಅತಿ ಹೆಚ್ಚಿನದರ ಮುಕ್ಕಾಲು ಪಾಲೂ ಬಾರದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್.

ಕಂಪ್ರೆಷನ್ ಚೆನ್ನಾಗಿದ್ದೂ ಆ ಸಿಲಿಂಡರ್ ಏಳುತ್ತಿಲ್ಲವೇ, ಕಾರ್ಬೊರೇಟರ್ ಬಾಯಲ್ಲಿ ಲಯಬದ್ಧವಾಗಿ ಠಪ್ ಠಪ್ ಎನ್ನುತ್ತದೆಯೇ? ವಾಲ್ವ್ ಕವರ್ ತೆಗೆಯಿರಿ. ಎಕ್ಸಾಸ್ಟ್ ಕ್ಯಾಮ್ ಸವೆದರೆ ಸುಟ್ಟ ಅನಿಲ ಹೊರಹೋಗಲಾರದೆ ಇನ್‌ಟೇಕ್ ವಾಲ್ವ್ ತೆರೆದ ಕ್ಷಣ ಹಿಂದಕ್ಕೆ ಸಿಡಿಯುತ್ತದೆ. ಡಯಲ್ ಗೇಜನ್ನು ಪುಶ್‌ರಾಡ್ ಮೇಲೆ ನಿಲ್ಲಿಸಿ ಎಂಜಿನ್ ಕೈಯಿಂದ ತಿರುಗಿಸಿ. 300 ಅಶ್ವಶಕ್ತಿಯ 350ರ ಸ್ಟಾಕ್ ಕ್ಯಾಮ್‌ನಲ್ಲಿ ಇನ್‌ಟೇಕ್ ಸುಮಾರು 0.26 ಇಂಚು, ಎಕ್ಸಾಸ್ಟ್ 0.27 ಇಂಚು ಏರಬೇಕು. ಈಗಿನ ಕಾರುಗಳಿಗೆಂದು ಬರುವ ಬಹುತೇಕ ಆಯಿಲ್‌ಗಳಲ್ಲಿ ಜಿಂಕ್ ಮತ್ತು ರಂಜಕ ಕಡಿಮೆ. ರೋಲರ್ ಇಲ್ಲದ ಈ ಚಪ್ಪಟೆ ಲಿಫ್ಟರ್‌ಗಳಿಗೆ ಆ ರಕ್ಷಣೆ ಸಾಲದು, ಹಳೆಯ ಎಂಜಿನ್‌ಗೆಂದೇ ಮಾಡಿದ ಆಯಿಲ್ ಹಾಕಿ. ಹಾಗೆಯೇ ಸಾಲಾಗಿರುವ ರಾಕರ್ ಸ್ಟಡ್‌ಗಳ ಮೇಲೆ ಒಂದು ಸ್ಕೇಲ್ ಇಡಿ. ಇವು ಬಿಗಿಯಾಗಿ ತುರುಕಿದ ಸ್ಟಡ್‌ಗಳು, ಥ್ರೆಡ್ ಇಲ್ಲ. ಒಂದು ಮೇಲೆದ್ದಿದ್ದರೆ ಆ ವಾಲ್ವ್ ಅಷ್ಟು ಕಡಿಮೆ ತೆರೆಯುತ್ತದೆ.

ಇದೆಲ್ಲ ಸರಿ ಬಂದ ಮೇಲೂ ಅದುರಿದರೆ ಕ್ವಾಡ್ರಾಜೆಟ್ ಬಿಚ್ಚಿಸಿ. ಫ್ಲೋಟ್ ಹೊಸದೇ ಹಾಕಿಸಿ, ಹಳೆಯದು ಪೆಟ್ರೋಲ್ ಹೀರಿ ಭಾರವಾಗುತ್ತದೆ.

ಪ್ರಶ್ನೆ: 1970ರ ಶೆವೆಲ್, 350. ಹೊಸ ಪ್ಲಗ್ ವೈರ್ ಹಾಕಿದಂದಿನಿಂದ ಏರು ಹತ್ತುವಾಗ ತಡವರಿಸುತ್ತದೆ. ವ್ಯಾಕ್ಯೂಮ್ 15 ಇಂಚು ಮಾತ್ರ ಬರುತ್ತಿದೆ.
– ಓದುಗರು, ಡೆನ್ವರ್

ಉತ್ತರ: 15ಕ್ಕೆ ಹೆದರಬೇಡಿ. ಪ್ರತಿ ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ನಿಮ್ಮ ಊರು 5,280 ಅಡಿ ಎತ್ತರದಲ್ಲಿದೆ, ಮುಳ್ಳು ಅಲುಗಾಡದಿದ್ದರೆ ಅಲ್ಲಿ 15 ಆರೋಗ್ಯದ ಗುರುತು. ಇದೇ ಗೇಜ್ ಸುಮಾರು 3,000 ಅಡಿಯ ಬೆಂಗಳೂರಿನಲ್ಲಿ 17ರ ಆಸುಪಾಸು ತೋರಿಸುತ್ತಿತ್ತು. ನೋಡಬೇಕಾದದ್ದು 5 ಮತ್ತು 7ರ ವೈರುಗಳನ್ನು. ಈ ಎರಡು ಸಿಲಿಂಡರ್ ಪಕ್ಕಪಕ್ಕ ಕೂತಿವೆ, ಉರಿಯುವುದೂ ಒಂದರ ಹಿಂದೆ ಒಂದು. ವೈರುಗಳನ್ನು ಅಂದವಾಗಿ ಒಟ್ಟಿಗೆ ಕಟ್ಟಿದ್ದರೆ 5ರ ವೋಲ್ಟೇಜ್ 7ರ ವೈರಿನಲ್ಲೂ ಕಿಡಿ ಹುಟ್ಟಿಸುತ್ತದೆ, 7 ಕಂಪ್ರೆಷನ್ ಮುಗಿಸುವ ಮೊದಲೇ ಉರಿದುಬಿಡುತ್ತದೆ. ಲೋಡ್ ಬಿದ್ದಾಗ ಇದು ಹೆಚ್ಚು. ಪಿಸ್ಟನ್‌ಗೇ ಹಾನಿಯಾಗಬಹುದು, ತಡಮಾಡಬೇಡಿ. ಎರಡನ್ನೂ ಬೇರೆ ಬೇರೆ ಕ್ಲಿಪ್‌ಗಳಲ್ಲಿ ದೂರ ಇಡಿ, ಹತ್ತಿರ ಬರಲೇಬೇಕಾದ ಕಡೆ ಒಂದನ್ನೊಂದು ಅಡ್ಡ ದಾಟಲಿ.

ಪ್ರಶ್ನೆ: 1968ರ ನೋವಾ ಎಸ್‌ಎಸ್ 350. ಟೈಮಿಂಗ್ ಗುರುತಿಗೆ ಸರಿಯಾಗಿ ಇಟ್ಟರೆ ಎಂಜಿನ್ ಸೊರಗುತ್ತದೆ, ಕಿವಿಯ ಅಂದಾಜಿಗೆ ಇಟ್ಟರೆ ಚೆನ್ನಾಗಿ ಓಡುತ್ತದೆ. ಲೈಟ್ ಹಾಳಾಗಿದೆಯೇ?
– ಓದುಗರು, ಟೆಕ್ಸಸ್

ಉತ್ತರ: ಲೈಟ್ ಸರಿಯಿರಬಹುದು, ಗುರುತೇ ಸುಳ್ಳು ಹೇಳುತ್ತಿರಬಹುದು. ಕ್ರ್ಯಾಂಕಿನ ಮುಂತುದಿಯ ಚಕ್ರ, ಅಂದರೆ ಬ್ಯಾಲೆನ್ಸರ್‌ನ ಹೊರ ಬಳೆ ರಬ್ಬರ್ ಮೇಲೆ ಕೂತಿದೆ. ರಬ್ಬರ್ ಸತ್ತರೆ ಬಳೆ ಜಾರುತ್ತದೆ, ಜೊತೆಗೆ ಗೆರೆಯೂ ಜಾರುತ್ತದೆ. ಇನ್ನೊಂದು ಸಾಧ್ಯತೆ: 1969ರಿಂದ ಬ್ಯಾಲೆನ್ಸರ್ ಗೆರೆಯ ಜಾಗ ಸುಮಾರು 8 ಡಿಗ್ರಿ ಬದಲಾಯಿತು. ಹಳೆಯ ಟೈಮಿಂಗ್ ಕವರಿನ ಟ್ಯಾಬ್ (ಡಿಗ್ರಿ ಗುರುತುಗಳ ತಗಡು) ಉಳಿಸಿ ಆಮೇಲಿನ ಬ್ಯಾಲೆನ್ಸರ್ ಯಾರಾದರೂ ಹಾಕಿದ್ದರೆ ಅಷ್ಟು ತಪ್ಪು ಸದಾ ಇರುತ್ತದೆ.

ಬ್ಯಾಟರಿ ಕೇಬಲ್ ಕಿತ್ತು ಪ್ಲಗ್‌ಗಳನ್ನೆಲ್ಲ ತೆಗೆಯಿರಿ. 1ನೇ ಸಿಲಿಂಡರ್‌ನ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಮೇಲೇರದಂತೆ ತಡೆಯುವ ಬೋಲ್ಟ್) ಹಾಕಿ, ಎಂಜಿನನ್ನು ಕೈಯಿಂದ ನಿಧಾನವಾಗಿ ಒಂದು ಕಡೆ ತಿರುಗಿಸಿ. ತಡೆದ ಕಡೆ ಟ್ಯಾಬ್‌ನ ಸೊನ್ನೆಯ ಎದುರು ಬ್ಯಾಲೆನ್ಸರ್ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ, ಇನ್ನೊಂದು ಕಡೆ ತಿರುಗಿಸಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಾಪ್ ಡೆಡ್ ಸೆಂಟರ್, ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ. ಅಲ್ಲಿಗೆ ಹೊಸ ಗುರುತು ಹಾಕಿ, ಹಬ್‌ನಿಂದ ಬಳೆಯವರೆಗೆ ಒಂದು ಬಣ್ಣದ ಗೆರೆಯನ್ನೂ ಎಳೆಯಿರಿ. ವಾರ ಓಡಿಸಿದ ಮೇಲೆ ಗೆರೆ ತುಂಡಾಗಿ ಕಂಡರೆ ಬ್ಯಾಲೆನ್ಸರ್ ಬದಲಿಸುವವರೆಗೆ ಎಂಜಿನ್ ರೇಸ್ ಮಾಡಬೇಡಿ. ಗೆರೆ ಹಾಗೆಯೇ ಇದ್ದರೆ ಹೊಸ ಗುರುತಿನ ಮೇಲೆ, ವ್ಯಾಕ್ಯೂಮ್ ಅಡ್ವಾನ್ಸ್ ಪೈಪು ಕಿತ್ತು ಮುಚ್ಚಿ, ಟೈಮಿಂಗ್ ಹಿಡಿಯಿರಿ.