ಹೊಸ ಡಿಸ್ಕ್ ಹಾಕಿಸಿದ ಮೇಲೂ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುವುದು

ಎರಡು ತಿಂಗಳ ಹಿಂದೆ ಕಾರಿನ ಮುಂದಿನ ಚಕ್ರಗಳ ಬ್ರೇಕ್ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಬದಲಿಸಿದ್ದೀರಿ, ಈಗ ನಡುಕ, ಗ್ಯಾರೇಜಿನವರು ನಿಮ್ಮ ಡ್ರೈವಿಂಗ್ ಸರಿಯಿಲ್ಲ ಅನ್ನುತ್ತಿದ್ದಾರೆ ಅಲ್ವಾ? ಜಾಸ್ತಿ ಸಾಧ್ಯತೆ ಇರುವುದು ಡಿಸ್ಕ್ ಕೂರಿಸಿದ ರೀತಿಯಲ್ಲೇ. ಹಬ್ (ಡಿಸ್ಕ್ ಕೂರುವ ಚಕ್ರದ ನಡುಭಾಗ) ಮೇಲಿನ ತುಕ್ಕು ಉಜ್ಜಿ ತೆಗೆಯದೆ ಡಿಸ್ಕ್ ಹಾಕಿದರೆ ಅದು ಕೂದಲೆಳೆಯಷ್ಟು ಓರೆಯಾಗುತ್ತದೆ, ತಿರುಗುವಾಗ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ ಅಲ್ಲಿ ಸವೆಯುತ್ತಾ ಹೋಗುತ್ತದೆ. ಅದಕ್ಕೇ ನಡುಕ ಮೊದಲ ದಿನ ಇರಲಿಲ್ಲ. ನೋಡದೆ ಖಚಿತವಾಗಿ ಹೇಳಲಾರೆ, ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ಬಿಗಿದು ಸಿಕ್ಕಿಕೊಂಡಿದ್ದರೂ ನಡುಗಬಹುದು.

ಮೊದಲು ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ. ಬ್ರೇಕ್ ಒತ್ತದೆಯೂ ನಡುಗಿದರೆ ಅದು ವೀಲ್ ಬ್ಯಾಲೆನ್ಸ್ ತೊಂದರೆ ಇರಬಹುದು, ಸುಮ್ನೆ ಜಗಳ ಬೇಡ. ಕಾರು ಒಂದು ಕಡೆಗೆ ಎಳೆದರೆ ಅಥವಾ ಬ್ರೇಕ್ ಪೆಡಲ್ ಮಾಮೂಲಿಗಿಂತ ಕೆಳಗಿಳಿದರೆ ಓಡಿಸಲೇಬೇಡಿ.

ಒತ್ತಿದಾಗ ಮಾತ್ರ ನಡುಗಿದರೆ ವೀಡಿಯೊ ಮಾಡಿ. ಬಿಲ್, ಓಡೋಮೀಟರ್ ಫೋಟೊ ಸೇರಿಸಿ ಗ್ಯಾರೇಜಿಗೆ ಬರೆದು ಕಳಿಸಿ, ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. "ಸರಿಯಿಲ್ಲ" ಅಂತಷ್ಟೇ ಬರೆಯಬೇಡಿ. ಡಯಲ್ ಗೇಜ್ ಅನ್ನುವ ಅಳತೆ ಸಾಧನದಲ್ಲಿ ಡಿಸ್ಕ್ ರನ್‌ಔಟ್ (ತಿರುಗುವಾಗ ಡಿಸ್ಕ್ ಎಷ್ಟು ಓರೆಯಾಗುತ್ತದೆ ಅನ್ನೋದು) ಅಳೆದು ನಿಮ್ಮೆದುರೇ ತೋರಿಸಲು ಕೇಳಿ, ಆ ಅಂಕಿಯನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಮಿತಿ ಜೊತೆ ಹೋಲಿಸಿ. ಹಾಗೇ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ (ನಿಗದಿತ ಬಲದಷ್ಟೇ ಬಿಗಿಯುವ ಸ್ಪ್ಯಾನರ್) ಬಿಗಿದಿದ್ದರಾ ಅಂತಲೂ ಕೇಳಿ.

ಉತ್ತರಕ್ಕೆ ಒಂದು ವಾರ ಗಡುವು ಕೊಡಿ. ಒಪ್ಪದಿದ್ದರೆ ಬೇರೆ ಮೆಕ್ಯಾನಿಕ್ ಹತ್ತಿರ ಪರೀಕ್ಷೆ ಮಾತ್ರ ಮಾಡಿಸಿ, ಬರಹದಲ್ಲಿ ವರದಿ ಪಡೆಯಿರಿ. ರಿಪೇರಿ ಮಾಡಿಸಿಬಿಟ್ಟರೆ ಸಾಕ್ಷಿಯೇ ಹೋಗುತ್ತದೆ. ಅದಕ್ಕೂ ಕಾಯಲಾಗದಿದ್ದರೆ ಬಿಚ್ಚಿದ ಡಿಸ್ಕ್ ಮನೆಗೆ ತನ್ನಿ. ಗ್ರಾಹಕ ದೂರು ಕೊಡುವಾಗ ವರದಿ, ನೀವು ಬರೆದ ಪತ್ರ, ಬಿಚ್ಚಿಸಿದ್ದರೆ ಆ ಡಿಸ್ಕ್ ಕೂಡ ಸಾಕ್ಷಿಯಾಗಿ ನೆರವಾಗುತ್ತವೆ.