ಏಂಜಲ್ ಮೀನಿನ ಮರಿಗಳು ಮೊದಲ ವಾರದಲ್ಲೇ ಸಾಯುತ್ತಿವೆ, ಏನು ಮಾಡಬೇಕು?

ಹುಬ್ಬಳ್ಳಿಯ ನಿಮ್ಮ ಮನೆಯಲ್ಲಿ ಏಂಜಲ್ ಜೋಡಿಯ ಮೊಟ್ಟೆಗಳು ಒಡೆದು ಇನ್ನೂರರಷ್ಟು ಮರಿಗಳಾದವು, ಮರುದಿನದಿಂದಲೇ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕಲಸಿ ಹಾಕತೊಡಗಿದಿರಿ, ಎಂಟನೆಯ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಮರಿಗಳು ಸತ್ತವು, ಗಾಬರಿಯಾಗಿ ನೀರನ್ನೆಲ್ಲ ಬದಲಿಸಿದ ಮೇಲೆ ಸಾವು ಇನ್ನಷ್ಟು ಹೆಚ್ಚಿತು ಎಂದು ಬರೆದಿದ್ದೀರಿ. ಧಾರವಾಡದಲ್ಲಿ ಹತ್ತು ವರ್ಷಗಳಿಂದ ಇದೇ ಮೀನನ್ನು ಸಾಕಿ ಮರಿ ಮಾಡಿಸುತ್ತಿರುವ ನನಗೆ, ನಿಮ್ಮ ಮರಿಗಳಿಗೆ ರೋಗ ಬಂದಂತೆ ತೋರುವುದಿಲ್ಲ. ಅವು ಹಸಿವಿನಿಂದಲೂ ಕೆಟ್ಟ ನೀರಿನಿಂದಲೂ ಸತ್ತಿವೆ. ಎರಡಕ್ಕೂ ಮೂಲ ಆ ಹಳದಿಯೇ.

ಏಂಜಲ್ ಮೊಟ್ಟೆಗಳು 27–28 ಡಿಗ್ರಿ ಶಾಖದಲ್ಲಿ ಎರಡರಿಂದ ಎರಡೂವರೆ ದಿನಗಳಲ್ಲಿ ಒಡೆಯುತ್ತವೆ. ಆಗ ಹೊರಬರುವ ಜೀವಕ್ಕೆ ಈಜಲು ಬರುವುದಿಲ್ಲ. ತಲೆಯ ಅಂಟಿನಿಂದ ಎಲೆಗೋ ಗಾಜಿಗೋ ಅಂಟಿಕೊಂಡು ಬಾಲ ಅಲ್ಲಾಡಿಸುತ್ತಿರುತ್ತದೆ. ಮುಂದಿನ ನಾಲ್ಕೈದು ದಿನ ಅದಕ್ಕೆ ಹೊಟ್ಟೆಯಡಿಯ ಹಳದಿ ಚೀಲವೇ ಬುತ್ತಿ. ಈ ಅವಧಿಯಲ್ಲಿ ನಾವು ಹಾಕುವ ಯಾವ ಆಹಾರವನ್ನೂ ಅದು ಮುಟ್ಟುವುದಿಲ್ಲ, ಹಾಕಿದ್ದೆಲ್ಲ ತಳದಲ್ಲಿ ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗುತ್ತದೆ. ಬುತ್ತಿ ತೀರಿ ಮರಿ ಈಜತೊಡಗಿದ ದಿನ ಮಾತ್ರ ಬಾಯಿಗೆ ಆಹಾರ ಸಿಗಲೇಬೇಕು. ಅಲ್ಲಿಂದ ಒಂದೆರಡು ದಿನ ತಡವಾದರೂ ಮರಿ ಬೇಟೆಯಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಆಮೇಲೆ ಎಷ್ಟು ಸುರಿದರೂ ತಿನ್ನುವುದಿಲ್ಲ. ಕೋಳಿಮೊಟ್ಟೆಯ ಹಳದಿ ನೀರಿನಲ್ಲಿ ಚಲಿಸುವುದಿಲ್ಲವಾದ್ದರಿಂದ ಏಂಜಲ್ ಮರಿಗೆ ಅದು ಆಹಾರವೆಂದೇ ಗೊತ್ತಾಗುವುದು ಕಡಿಮೆ. ಹಳೆಯ ಕಾಲದಿಂದ ಬಂದ ಈ ಸಲಹೆಯನ್ನು ಇನ್ನಾದರೂ ಬಿಟ್ಟುಬಿಡಬೇಕೆಂದು ನನ್ನ ಬಲವಾದ ಅಭಿಪ್ರಾಯ.

ಅದರ ಬದಲು ಆರ್ಟೀಮಿಯಾ ಕೊಡಿ. ಇದು ಉಪ್ಪು ಸರೋವರಗಳಲ್ಲಿ ಬದುಕುವ, ಸೀಗಡಿಯನ್ನು ಹೋಲುವ ಪುಟ್ಟ ಜೀವಿ. ಇದರ ಒಣ ಮೊಟ್ಟೆಗಳು ಡಬ್ಬಿಗಳಲ್ಲಿ ಮಾರಾಟಕ್ಕೆ ಸಿಗುತ್ತವೆ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು ಕರಗಿಸಿ, ಬುಡ ಮೇಲಾಗಿಸಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಅರ್ಧ ಚಮಚ ಮೊಟ್ಟೆ ಹಾಕಿ, ಏರ್ ಪಂಪಿನಿಂದ ಜೋರಾಗಿ ಗಾಳಿ ಬಿಟ್ಟು, ಬಲ್ಬಿನ ಬೆಳಕಿನಲ್ಲಿ 27 ಡಿಗ್ರಿಯ ಆಸುಪಾಸಿನಲ್ಲಿ ಇರಿಸಿದರೆ ಒಂದು ದಿನದಿಂದ ಒಂದೂವರೆ ದಿನದೊಳಗೆ ಕಿತ್ತಳೆ ಬಣ್ಣದ ಕಣಗಳು ಓಡಾಡತೊಡಗುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ, ಜೀವಂತ ಮರಿಗಳು ಕೆಳಗೆ ಬೆಳಕಿನ ಕಡೆ ಗುಂಪುಗೂಡುತ್ತವೆ. ಅವನ್ನು ಮಾತ್ರ ಸಣ್ಣ ನಳಿಕೆಯಿಂದ ಎಳೆದು, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಚಿಪ್ಪು ಮೀನಿನ ಮರಿಯ ಕರುಳಿನಲ್ಲಿ ಸಿಕ್ಕಿಕೊಂಡರೆ ಅದೂ ಸಾವಿಗೆ ಕಾರಣ, ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ. ಹುಟ್ಟಿದ ಆರ್ಟೀಮಿಯಾ ಅರ್ಧ ದಿನ ಕಳೆಯುವಷ್ಟರಲ್ಲಿ ತನ್ನ ಪೌಷ್ಟಿಕತೆಯನ್ನು ತಾನೇ ಬಳಸಿಕೊಳ್ಳುತ್ತದೆ. ಎರಡು ಬಾಟಲಿಗಳನ್ನು ಸರದಿಯಲ್ಲಿ ಇಟ್ಟುಕೊಂಡರೆ ದಿನವೂ ಹೊಸದು ಸಿಗುತ್ತದೆ.

ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪವೇ ಕೊಡಿ. ಎಷ್ಟು ಸಾಕು ಎಂಬುದನ್ನು ಮರಿಯ ಹೊಟ್ಟೆಯೇ ಹೇಳುತ್ತದೆ: ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಗುಂಡಗೆ ಕಾಣುತ್ತದೆ. ಉಳಿದ ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವೇ ಗಂಟೆ ಬದುಕಿ ಸಾಯುವುದರಿಂದ, ತಳದಲ್ಲಿ ಬಿದ್ದುದನ್ನು ಏರ್ ಪಂಪಿನ ಸಣ್ಣ ಪೈಪಿನಿಂದ ದಿನವೂ ಎಳೆಯಿರಿ. ಬಿಳಿ ಬಕೆಟ್ಟಿಗೆ ಎಳೆದರೆ ಜೊತೆಗೆ ಬಂದ ಮರಿಗಳು ಕಂಡು, ಅವನ್ನು ಹಿಂದಕ್ಕೆ ಬಿಡಬಹುದು. ಮರಿಗಳ ತೊಟ್ಟಿಯಲ್ಲಿ ಜಲ್ಲಿ, ಮರಳು ಬೇಡ. ಫಿಲ್ಟರ್ ಸ್ಪಂಜಿನದೇ ಇರಲಿ, ಅದೂ ದೊಡ್ಡ ತೊಟ್ಟಿಯಲ್ಲಿ ಕೆಲವು ವಾರ ಓಡಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂತಿರುವ ಹಳೆಯ ಸ್ಪಂಜು.

ಇನ್ನು ನೀರು. ನಮ್ಮ ಅವಳಿ ನಗರಕ್ಕೆ ಬರುವ ಮಲಪ್ರಭೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಲ್ಲಿ ಬಂದ ದಿನವೇ ಹಿಡಿದು ಹಾಕಿದರೆ ಮರಿಗಳ ಕಿವಿರು ಸುಡುತ್ತದೆ. ನೀವು ಪೂರ್ತಿ ಬದಲಿಸಿದ ದಿನ ಹೀಗೇ ಆಗಿರಬೇಕೆಂದು ನನ್ನ ಊಹೆ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಗಡಸುತನ ಬೇರೆ, ಆಮ್ಲಜನಕವೂ ಕಡಿಮೆ. ನಾನು ನಲ್ಲಿ ಬಂದಾಗ ಒಂದು ಡ್ರಮ್ ಮೀನಿಗೆಂದೇ ತುಂಬಿಸಿ, ಒಂದು ದಿನ ಗಾಳಿ ಬಿಟ್ಟು, ನಂತರ ಬಳಸುತ್ತೇನೆ. ಬದಲಿಸುವುದು ದಿನಕ್ಕೆ ಐದನೆಯ ಒಂದು ಭಾಗ ಮಾತ್ರ, ಅದೂ ತೊಟ್ಟಿಯಷ್ಟೇ ಬೆಚ್ಚಗಿನ ನೀರನ್ನು ಹನಿಹನಿಯಾಗಿ.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿ ಶಾಖ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಂಥ ಒಂದು ರಾತ್ರಿ ಕರೆಂಟ್ ಹೋಗಿ, ಹೀಟರೂ ಪಂಪೂ ನಿಂತು, ಹತ್ತು ದಿನದ ಮರಿಗಳೆಲ್ಲ ನನ್ನ ಕೈಬಿಟ್ಟವು. ಬೆಳಿಗ್ಗೆ ಎದ್ದು ನೋಡಿದ ಆ ತೊಟ್ಟಿಯನ್ನು ನಾನು ಮರೆತಿಲ್ಲ. ಅಂದಿನಿಂದ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ಸದಾ ಸಿದ್ಧವಾಗಿಟ್ಟಿದ್ದೇನೆ, ತೊಟ್ಟಿಯ ಸುತ್ತ ಥರ್ಮಾಕೋಲ್ ಹಚ್ಚಿದ್ದೇನೆ.

ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದರೆ ಕಾಗದ ಹಾಸಿ ಎತ್ತಿಬಿಡಿ. ಈಜತೊಡಗುವ ಮರಿ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ತನ್ನ ಗಾಳಿಚೀಲ ತುಂಬಿಸಿಕೊಳ್ಳಬೇಕು. ಪೊರೆ ಅಡ್ಡವಾದರೆ ಅದು ತಳದಲ್ಲೇ ತೆವಳುತ್ತ ಉಳಿಯುತ್ತದೆ.

ಉಳಿದಿರುವ ಮರಿಗಳಿಗೆ ಹಳದಿಯನ್ನು ಇಂದೇ ನಿಲ್ಲಿಸಿ, ತಳ ಶುದ್ಧ ಮಾಡಿ, ಆರ್ಟೀಮಿಯಾ ಹಚ್ಚಿ. ನಿಮ್ಮ ಜೋಡಿ ಆರೋಗ್ಯವಾಗಿದ್ದರೆ ಎರಡು ವಾರದೊಳಗೆ ಮತ್ತೆ ಮೊಟ್ಟೆಯಿಡಬಹುದು. ಆ ಮೊಟ್ಟೆಗಳು ಒಡೆದ ಮೂರನೆಯ ದಿನವೇ ಮೊದಲ ಬಾಟಲಿಯನ್ನು ಹಚ್ಚಿಟ್ಟರೆ, ಮರಿಗಳು ಈಜುವ ಬೆಳಿಗ್ಗೆ ಆಹಾರ ಸಿದ್ಧವಾಗಿರುತ್ತದೆ.